ಜೇಬಿನ ಕ್ಯಾಮೆರಾ ಮತ್ತೆ ಬಂದಿದೆ, ನಡುವಿನ ಮೆಟ್ಟಿಲು ಮಾತ್ರ ಕಾಣೆಯಾಗಿದೆ

ಬೀರುವಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಬಂದಿದೆ. ಹದಿನೈದು ವರ್ಷದ ಹಿಂದೆ ಅಪ್ಪ-ಅಮ್ಮ ಊಟಿ ಪ್ರವಾಸಕ್ಕೋ ಮಗುವಿನ ನಾಮಕರಣಕ್ಕೋ ಅಂತ ಕೊಂಡಿದ್ದ ಕ್ಯಾಮೆರಾವನ್ನು ಈಗ ಕಾಲೇಜಿಗೆ ಹೋಗುವ ಮಕ್ಕಳು ಹುಡುಕಿ ತೆಗೆಯುತ್ತಿದ್ದಾರೆ. ಮನೆಯಲ್ಲಿ ಸಿಗದವರು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಜಾಲಾಡುತ್ತಾರೆ. ಕೈಯಲ್ಲಿ ಒಳ್ಳೆಯ ಫೋನ್ ಇರುವಾಗ ಇದ್ಯಾಕೆ ಬೇಕು ಎಂದು ಯಾರಾದರೂ ಕೇಳುತ್ತಾರೆ, ಅಲ್ವಾ?

ಉತ್ತರ ಹೇಳುವ ಮೊದಲು ಯಾವ ಕ್ಯಾಮೆರಾ ಎಂದು ಕೇಳಬೇಕಾಗುತ್ತದೆ. ಇವತ್ತು ‘ಡಿಜಿಕ್ಯಾಮ್’ ಹೆಸರಿನಲ್ಲಿ ಮೂರು ಸಾವಿರ ರೂಪಾಯಿಯ ಆಟಿಕೆಯೂ ಸಿಗುತ್ತದೆ, ಒಂದೂವರೆ ಲಕ್ಷದ ಯಂತ್ರವೂ ಸಿಗುತ್ತದೆ. ಒಂದು ಸಾಮಾನ್ಯ ಕುಟುಂಬ ಹತ್ತು-ಹದಿನೈದು ಸಾವಿರಕ್ಕೆ ಕೊಂಡು ವರ್ಷಗಟ್ಟಲೆ ನೆಮ್ಮದಿಯಾಗಿ ಬಳಸುತ್ತಿದ್ದ ಕ್ಯಾಮೆರಾ ಮಾತ್ರ ಹೊಸದಾಗಿ ಸಿಗುವುದೇ ಕಷ್ಟ. ಈ ಕ್ಯಾಮೆರಾ ಇಟ್ಟುಕೊಳ್ಳುವುದರ ಲಾಭ-ನಷ್ಟದ ಲೆಕ್ಕದಲ್ಲಿ ಅರ್ಧ ಇಲ್ಲೇ ಇದೆ.

ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟವಾದ ಸಿಪಾ ಪ್ರತಿ ವರ್ಷ ಅಂಕಿ ಅಂಶ ಕೊಡುತ್ತದೆ. 2010ರಲ್ಲಿ ಕಂಪನಿಗಳು ಮಾರುಕಟ್ಟೆಗೆ ಕಳಿಸಿದ, ಲೆನ್ಸ್ ಕಳಚಲು ಬಾರದ ಪುಟ್ಟ ಕ್ಯಾಮೆರಾಗಳು 10 ಕೋಟಿಗೂ ಜಾಸ್ತಿ. 2023ರಲ್ಲಿ ಸುಮಾರು 17 ಲಕ್ಷ. 2024ರಲ್ಲಿ ಅದು ಸುಮಾರು 19 ಲಕ್ಷಕ್ಕೆ ಏರಿತು. ಈ ಏರಿಕೆಯನ್ನೇ ಎಲ್ಲರೂ ‘ಮರಳಿ ಬಂತು’ ಎಂದು ಬರೆಯುತ್ತಿದ್ದಾರೆ. ನಿಜ, ಏರಿದೆ. ಆದರೆ ಹಳೆಯ ಕಾಲಕ್ಕೆ ಹೋಲಿಸಿದರೆ ನೂರಕ್ಕೆ ಎರಡರಷ್ಟೂ ಇಲ್ಲ. ಈ ನಡುವೆ ಕ್ಯಾಸಿಯೊ 2018ರಲ್ಲಿ ಪುಟ್ಟ ಕ್ಯಾಮೆರಾಗಳ ವ್ಯಾಪಾರ ಬಿಟ್ಟಿತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು 2021ರ ಜನವರಿಯಲ್ಲಿ ಬೇರೆಯವರ ಕೈಗೆ ಕೊಟ್ಟಿತು. ಉಳಿದವರು ಅಗ್ಗದ ಮಾಡೆಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿದರು. ಕೊಳ್ಳುವವರು ವಾಪಸ್ ಬಂದಿದ್ದಾರೆ, ಮಾಡುವವರು ಅಷ್ಟಾಗಿ ಬಂದಿಲ್ಲ. ಹಾಗಾಗಿ ಬೆಲೆ ಏರುತ್ತಿದೆ.

ಎಷ್ಟು ಏರಿದೆ ಎಂದು ನೋಡಲು ಒಂದೇ ಉದಾಹರಣೆ ಸಾಕು. ಕ್ಯಾನನ್ 2016ರಲ್ಲಿ ಒಂದು ಪುಟ್ಟ ಕ್ಯಾಮೆರಾ ತಂದಿತು. ಅಮೆರಿಕದಲ್ಲಿ ಅದರ ಹೆಸರು ಎಲ್ಫ್ 360 ಎಚ್‌ಎಸ್, ಬೇರೆ ಕಡೆ ಇಕ್ಸಸ್ 285 ಎಚ್‌ಎಸ್. 20 ಮೆಗಾಪಿಕ್ಸೆಲ್, 12 ಪಟ್ಟು ಜೂಮ್, ಅಮೆರಿಕದಲ್ಲಿ ಸುಮಾರು 210 ಡಾಲರ್. 2025ರ ಕೊನೆಗೆ ಅದೇ ಕ್ಯಾಮೆರಾ ಹೆಸರಿಗೆ ಒಂದು ‘ಎ’ ಅಂಟಿಸಿಕೊಂಡು ಮತ್ತೆ ಬಂತು. ಅದೇ ಸೆನ್ಸರ್, ಅದೇ ಲೆನ್ಸ್. ದೊಡ್ಡ ಮೆಮೊರಿ ಕಾರ್ಡಿನ ಜಾಗಕ್ಕೆ ಮೈಕ್ರೊ ಎಸ್‌ಡಿ ಬಂದಿದೆ, ಒಂದೆರಡು ಸೌಲಭ್ಯ ಕಡಿಮೆಯಾಗಿದೆ. ಬೆಲೆ ಮಾತ್ರ ಸುಮಾರು 380 ಡಾಲರ್. ಒಂಬತ್ತು ವರ್ಷ ಹಳೆಯ ತಂತ್ರಜ್ಞಾನಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ದುಡ್ಡು. ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಹೀಗಾಗುವುದು ಅಪರೂಪ. ಇದು ಕೊಳ್ಳುವವರಿಗೆ ಆಗುತ್ತಿರುವ ಅನ್ಯಾಯ ಎಂದೇ ನನಗನಿಸುತ್ತದೆ.

ಹಾಗಾದರೆ ಚಿತ್ರ ಫೋನಿಗಿಂತ ಚೆನ್ನಾಗಿ ಬರುತ್ತದಾ? ಸಾಮಾನ್ಯ ಪುಟ್ಟ ಕ್ಯಾಮೆರಾದಲ್ಲಿ ಬಹುತೇಕ ಸಲ ಬರುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಳಕನ್ನು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಇಂಥ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಅಂದರೆ 28 ಚದರ ಮಿಲಿಮೀಟರ್. ಇವತ್ತಿನ ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾ ಸೆನ್ಸರ್ 70 ಚದರ ಮಿಲಿಮೀಟರ್ ಆಸುಪಾಸು ಇರುತ್ತದೆ. ಹತ್ತು ವರ್ಷದ ಹಿಂದೆ ಈ ಲೆಕ್ಕ ಉಲ್ಟಾ ಇತ್ತು. ಅದರ ಮೇಲೆ ಫೋನು ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಅವನ್ನು ಸೇರಿಸಿ, ಕತ್ತಲೆಯ ಜಾಗವನ್ನು ಬೆಳಗಿಸಿ ಕೊಡುತ್ತದೆ. ಹಳೆಯ ಕ್ಯಾಮೆರಾದ ಪುಟ್ಟ ಚಿಪ್ಪಿಗೆ ಆ ಶಕ್ತಿ ಇಲ್ಲ. ಸಂಜೆ ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ತೆಗೆದರೆ ಚಿತ್ರ ಮಸುಕು, ಇಲ್ಲವೇ ಕಾಳು ಕಾಳು.

ದುಬಾರಿ ಪುಟ್ಟ ಕ್ಯಾಮೆರಾಗಳ ಕಥೆ ಬೇರೆ. ಸೋನಿಯ ಆರ್‌ಎಕ್ಸ್100 ಸರಣಿ 2012ರಲ್ಲಿ ಶುರುವಾದಾಗಲೇ 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರದ ಸೆನ್ಸರನ್ನು ಜೇಬಿಗೆ ತಂದಿತು. ರಿಕೋ ಜಿಆರ್ ಮತ್ತು ಫ್ಯೂಜಿಫಿಲ್ಮ್ ಎಕ್ಸ್100 ಕ್ಯಾಮೆರಾಗಳಲ್ಲಿ ಇರುವುದು ದೊಡ್ಡ ಕ್ಯಾಮೆರಾಗಳಲ್ಲಿ ಬಳಸುವ ಎಪಿಎಸ್-ಸಿ ಸೆನ್ಸರ್, ಫೋನಿನದ್ದಕ್ಕಿಂತ ಐದು ಪಟ್ಟು ದೊಡ್ಡದು. ಇವುಗಳ ಚಿತ್ರ ನಿಜಕ್ಕೂ ಫೋನನ್ನು ಮೀರುತ್ತದೆ. ಆದರೆ ಎಕ್ಸ್100 ಸರಣಿಯ ಎಕ್ಸ್100 ಸಿಕ್ಸ್ ಮಾಡೆಲ್ 2024ರಲ್ಲಿ ಬಂದಾಗ ಅಮೆರಿಕದಲ್ಲೇ ಬೆಲೆ 1,599 ಡಾಲರ್ ಇತ್ತು. ನಮ್ಮಲ್ಲಿ ಒಂದೂವರೆ ಲಕ್ಷ ದಾಟುತ್ತದೆ. ಜೊತೆಗೆ ಜಿಆರ್ ಮತ್ತು ಎಕ್ಸ್100 ಎರಡರಲ್ಲೂ ಜೂಮೇ ಇಲ್ಲ. ಹತ್ತಿರ ಬೇಕು ಅಂದರೆ ನಾವೇ ನಡೆದು ಹೋಗಬೇಕು.

ಹಾಗಿದ್ದೂ ಅಗ್ಗದ ಹಳೆಯ ಕ್ಯಾಮೆರಾದ ಚಿತ್ರ ಯಾಕೆ ಇಷ್ಟವಾಗುತ್ತದೆ? ಮುಖ್ಯ ಕಾರಣ ಫ್ಲ್ಯಾಶ್. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಫೋನು ಇನ್ನೂ ಗೆಲ್ಲಲಾಗದ ಜಾಗ ಇದು.

ಫೋನಿನ ಹಿಂದೆ ಇರುವುದು ಎಲ್‌ಇಡಿ. ಒಂದು ಚಿಕ್ಕ ಟಾರ್ಚ್ ಅಷ್ಟೇ. ಅದರ ಬೆಳಕು ಕಡಿಮೆ, ಹಾಗಾಗಿ ಬೆಳಕನ್ನು ಒಳಬಿಡುವ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ಮಗು ಓಡಿಹೋಗಿರುತ್ತದೆ. ಕ್ಯಾಮೆರಾದಲ್ಲಿ ಇರುವುದು ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆ. ಒಳಗಿನ ಕೆಪ್ಯಾಸಿಟರ್ ಸುಮಾರು 300 ವೋಲ್ಟಿನಷ್ಟು ವಿದ್ಯುತ್ತನ್ನು ಕೂಡಿಟ್ಟು ಒಂದೇ ಏಟಿಗೆ ಬಿಡುತ್ತದೆ. ಆ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಹೊತ್ತು ಇರುತ್ತದೆ. ಅಷ್ಟು ಚಿಕ್ಕ ಕ್ಷಣದಲ್ಲಿ ಕುಣಿಯುವವರ ಕೈ ಕೂಡ ನಿಂತ ಹಾಗೆ ಕಾಣುತ್ತದೆ. ಆರತಕ್ಷತೆಯ ಮಂದ ದೀಪದಲ್ಲಿ, ಗಣೇಶನ ಮೆರವಣಿಗೆಯಲ್ಲಿ, ರಾತ್ರಿ ಯಕ್ಷಗಾನದ ಚೌಕಿಯಲ್ಲಿ ಸ್ನೇಹಿತರ ಚಿತ್ರ ತೆಗೆಯುವವರಿಗೆ ಇದರ ಬೆಲೆ ಗೊತ್ತಿದೆ.

ಇದೇ ಬೆಳಕಿಗೆ ಒಂದು ಮಿತಿಯೂ ಇದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಎದುರು ನಿಂತವರ ಮುಖ ಹೊಳೆಯುತ್ತದೆ, ಹಿಂದಿನ ಗೋಡೆ ಕಪ್ಪಾಗುತ್ತದೆ. 2000ದ ದಶಕದ ಪಾರ್ಟಿ ಫೋಟೋಗಳ ಆ ವಿಶೇಷ ನೋಟ ಬರುವುದು ಇದರಿಂದಲೇ. ವೇದಿಕೆಯಿಂದ ಮೂವತ್ತು ಅಡಿ ದೂರ ಕೂತು ಫ್ಲ್ಯಾಶ್ ಹೊಡೆದರೆ ಮುಂದಿನ ಸಾಲಿನವರ ತಲೆ ಮಾತ್ರ ಬೆಳಗುತ್ತದೆ.

ಮಾರುವವರು ಈ ನೋಟಕ್ಕೆ ಇನ್ನೊಂದು ಕಾರಣ ಹೇಳುತ್ತಾರೆ. ಹಳೆಯದರಲ್ಲಿ ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ಇದೆ, ಅದರ ಬಣ್ಣವೇ ಬೇರೆ, ಅದಕ್ಕೇ ರೇಟು ಜಾಸ್ತಿ ಎನ್ನುತ್ತಾರೆ. 2010ರ ಆಚೀಚೆ ಕಂಪನಿಗಳು ಸಿಸಿಡಿಯಿಂದ ಸಿಮೋಸ್ ಎಂಬ ಇನ್ನೊಂದು ಬಗೆಯ ಸೆನ್ಸರಿಗೆ ಹೋದದ್ದು ನಿಜ. ಆದರೆ ಬಣ್ಣವನ್ನು ತೀರ್ಮಾನಿಸುವುದು ಸೆನ್ಸರಿನ ಮೇಲಿನ ಬಣ್ಣದ ಫಿಲ್ಟರ್, ಆಮೇಲೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್. ಸಿಸಿಡಿ ಎನ್ನುವ ಮೂರಕ್ಷರಕ್ಕೆ ಮೂರು ಸಾವಿರ ಹೆಚ್ಚು ಕೊಡಬೇಡಿ. ಆ ಮಾಡೆಲ್‌ನಲ್ಲಿ ತೆಗೆದ ಚಿತ್ರಗಳನ್ನು ನೋಡಿ, ಇಷ್ಟವಾದರೆ ಕೊಳ್ಳಿ.

ಸಾಫ್ಟ್‌ವೇರ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಎಷ್ಟೋ ಫೋನುಗಳು ಕೇಳದೆಯೇ ಮುಖವನ್ನು ನಯ ಮಾಡುತ್ತವೆ, ಚರ್ಮವನ್ನು ಬೆಳ್ಳಗೆ ಮಾಡುತ್ತವೆ. ಕಪ್ಪು ಮೈಬಣ್ಣದ ಹುಡುಗಿಯ ಚಿತ್ರದಲ್ಲಿ ಅವಳ ಬಣ್ಣವೇ ಉಳಿಯುವುದಿಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಫೋನುಗಳು ತೆಗೆದ ಚಂದ್ರನ ಚಿತ್ರದಲ್ಲಿ, ಲೆನ್ಸಿಗೆ ಕಾಣದ ವಿವರವನ್ನೂ ಸಾಫ್ಟ್‌ವೇರ್ ತುಂಬುತ್ತಿದೆ ಎಂದು ದೊಡ್ಡ ಚರ್ಚೆಯಾಯಿತು. ಹಳೆಯ ಪುಟ್ಟ ಕ್ಯಾಮೆರಾ ಕೂಡ ಬಣ್ಣ ಬದಲಿಸುತ್ತದೆ, ಅಂಚು ಚೂಪು ಮಾಡುತ್ತದೆ. ಆದರೆ ಇಲ್ಲದ್ದನ್ನು ಸೇರಿಸುವಷ್ಟು ಬುದ್ಧಿ ಅದಕ್ಕಿಲ್ಲ. ಅಜ್ಜಿಯ ಮುಖದ ಸುಕ್ಕು ಸುಕ್ಕಾಗಿಯೇ ಇರುತ್ತದೆ. ನನಗೆ ಇದು ದೊಡ್ಡ ಗುಣ. ಮನೆಯವರ ಚಿತ್ರದಲ್ಲಿ ಮನೆಯವರೇ ಕಾಣಬೇಕು.

ಫೋನು ಸೋಲುವ ಇನ್ನೊಂದು ಜಾಗ ಜೂಮ್. ಕ್ಯಾನನ್ 2018ರಲ್ಲಿ ತಂದ ಎಸ್‌ಎಕ್ಸ್740 ಎಚ್‌ಎಸ್ 300 ಗ್ರಾಮ್ ತೂಗುತ್ತದೆ. ಅದರಲ್ಲಿ ಗಾಜಿನ ಲೆನ್ಸಿನಿಂದಲೇ 40 ಪಟ್ಟು ಜೂಮ್ ಇದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಮರದ ಮೇಲಿನ ಕೊಕ್ಕರೆಯನ್ನು ಹಿಡಿಯಲು ಇದು ಸಾಕು. ಬೆಳಗಿನ ಬಿಸಿಲು ಚೆನ್ನಾಗಿರಬೇಕು, ಕೈ ಅಲುಗಬಾರದು, ಅಷ್ಟೇ. ಪೂರ್ತಿ ಜೂಮ್ ಮಾಡಿದಾಗ ಲೆನ್ಸಿನೊಳಗೆ ಬರುವ ಬೆಳಕು ತುಂಬಾ ಕಮ್ಮಿಯಾಗುತ್ತದೆ, ಮೋಡ ಕವಿದ ದಿನ ಚಿತ್ರ ಮೆತ್ತಗಾಗುತ್ತದೆ. ದುಬಾರಿ ಫೋನಿನಲ್ಲಿ ಐದು ಪಟ್ಟಿನ ಆಸುಪಾಸು ನಿಜವಾದ ಜೂಮ್ ಇರುತ್ತದೆ. ಅದರಾಚೆ ಇರುವುದೆಲ್ಲ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು.

ಇನ್ನು ಸಣ್ಣ ಸಣ್ಣ ಅನುಕೂಲಗಳಿವೆ. ಕ್ಯಾಮೆರಾಗೆ ಕರೆ ಬರುವುದಿಲ್ಲ, ಪ್ರವಾಸದಲ್ಲಿ ಫೋಟೋ ತೆಗೆದು ತೆಗೆದು ಫೋನಿನ ಚಾರ್ಜ್ ಮುಗಿಯುವುದಿಲ್ಲ. ಶಾಲೆಯ ಟ್ರಿಪ್ಪಿಗೆ ಹೋಗುವ ಮಗುವಿನ ಕೈಗೆ ಫೋನ್ ಕೊಡಲು ಮನಸ್ಸಿಲ್ಲದಿದ್ದರೆ ಇದನ್ನು ಕೊಡಬಹುದು. ಜಿಪಿಎಸ್ ಇಲ್ಲದ ಮಾಡೆಲ್‌ಗಳಲ್ಲಿ ಚಿತ್ರದ ಒಳಗೆ ಮನೆಯ ವಿಳಾಸದ ಗುರುತು ಸೇರುವುದಿಲ್ಲ. ಮಕ್ಕಳ ಚಿತ್ರವನ್ನು ಹಂಚಿಕೊಳ್ಳುವವರು ಇದನ್ನು ಗಮನಿಸಬೇಕು. ವಯಸ್ಸಾದವರಿಗೆ ಪರದೆಯ ಮೇಲಿನ ಬಟನ್‌ಗಿಂತ ಬೆರಳಿಗೆ ಸಿಗುವ ನಿಜವಾದ ಬಟನ್ ಸುಲಭ. ಆದರೆ ಹೆಚ್ಚಿನವುಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಹಂಪಿಯ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ಕಾಣದೆ ಅಂದಾಜಿನಲ್ಲೇ ಒತ್ತಬೇಕಾಗುತ್ತದೆ.

ಈಗ ಕಷ್ಟದ ಮಾತು. ಕೊಳ್ಳುವ ದಿನ ಯಾರೂ ಇಟ್ಟುಕೊಳ್ಳುವ ಬಗ್ಗೆ ಯೋಚಿಸುವುದಿಲ್ಲ. ನಮ್ಮ ನೆಲದಲ್ಲಿ ಈ ಕ್ಯಾಮೆರಾಗಳ ದೊಡ್ಡ ಶತ್ರು ತೇವ. ಗಾಳಿಯಲ್ಲಿ ತೇವಾಂಶ ಶೇ 65 ದಾಟಿ ಬಹಳ ದಿನ ನಿಂತರೆ ಲೆನ್ಸಿನೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಬೂಷ್ಟು ಜೇಡರ ಬಲೆಯ ಹಾಗೆ ಹರಡಿ ಲೆನ್ಸಿನ ಮೇಲಿನ ಲೇಪನವನ್ನೇ ಹಾಳು ಮಾಡುತ್ತದೆ. ದೊಡ್ಡ ಕ್ಯಾಮೆರಾದ ಲೆನ್ಸನ್ನು ಕಳಚಿ ಸ್ವಚ್ಛ ಮಾಡಿಸಬಹುದು. ಪುಟ್ಟ ಕ್ಯಾಮೆರಾದಲ್ಲಿ ಲೆನ್ಸ್, ಮೋಟಾರು, ಸೆನ್ಸರ್ ಎಲ್ಲ ಒಂದೇ ಗಂಟಾಗಿ ಕೂತಿರುತ್ತವೆ. ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವ ಕೂಲಿಗೆ ಕ್ಯಾಮೆರಾವೇ ಬಂದೀತು.

ಕಾಪಾಡುವುದು ಮಾತ್ರ ಕಷ್ಟವಲ್ಲ, ದುಬಾರಿಯೂ ಅಲ್ಲ. ಬಿಗಿಯಾಗಿ ಮುಚ್ಚುವ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ಸಿಕ್ಕರೆ ತೇವ ಹೀರಿ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಕ್ಯಾಮೆರಾ ಜೊತೆ ಬಂದ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟರಿ ತೆಗೆದಿಡಿ. ತಿಂಗಳಿಗೊಮ್ಮೆ ಹೊರತೆಗೆದು ನಾಲ್ಕು ಫೋಟೋ ತೆಗೆಯಿರಿ.

ಎರಡನೆಯ ಶತ್ರು ಮರಳು, ಧೂಳು. ಆನ್ ಮಾಡಿದಾಗ ಹೊರಬರುವ, ಆಫ್ ಮಾಡಿದಾಗ ಒಳಹೋಗುವ ಲೆನ್ಸೇ ಈ ಕ್ಯಾಮೆರಾವನ್ನು ಜೇಬಿಗೆ ಹಿಡಿಸುವಂತೆ ಮಾಡಿದ್ದು. ಅದೇ ಅದರ ಮರ್ಮಸ್ಥಾನ ಕೂಡ. ಗೋಕರ್ಣದ ಕಡಲ ತೀರದಲ್ಲಿ ಒಂದು ಮರಳ ಕಣ ಆ ಸಂದಿಗೆ ಸಿಕ್ಕಿಕೊಂಡರೆ ‘ಲೆನ್ಸ್ ಎರರ್’ ಎಂದು ಬರೆದುಕೊಂಡು ಕ್ಯಾಮೆರಾ ನಿಂತುಬಿಡುತ್ತದೆ. ಕೆಲವರು ಯೂಟ್ಯೂಬ್ ನೋಡಿ ಮನೆಯಲ್ಲೇ ಬಿಚ್ಚಲು ಹೊರಡುತ್ತಾರೆ. ದಯವಿಟ್ಟು ಬೇಡ. ಮೇಲೆ ಹೇಳಿದ 300 ವೋಲ್ಟಿನ ಕೆಪ್ಯಾಸಿಟರ್ ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಮುಟ್ಟಿದರೆ ಜೋರಾದ ಏಟು ಹೊಡೆಯುತ್ತದೆ.

ಬ್ಯಾಟರಿ, ಕಾರ್ಡು, ಕೇಬಲ್ ಮೂರೂ ಸೇರಿ ಇನ್ನೊಂದು ತಲೆನೋವು. ಒಂದೊಂದು ಕಂಪನಿಯದ್ದೂ ಒಂದೊಂದು ಆಕಾರದ ಬ್ಯಾಟರಿ. ಕಂಪನಿ ಮಾಡುವುದು ನಿಲ್ಲಿಸಿದ ಮೇಲೆ ಹೆಸರಿಲ್ಲದ ಬ್ಯಾಟರಿಗಳೇ ಗತಿ, ಅವುಗಳಲ್ಲಿ ಕೆಲವು ಬೇಗ ಊದಿಕೊಳ್ಳುತ್ತವೆ. ಈ ದೃಷ್ಟಿಯಲ್ಲಿ ಪೆನ್ಸಿಲ್ ಸೆಲ್ ಹಾಕುವ ಹಳೆಯ ಮಾಡೆಲ್‌ಗಳು ಎಷ್ಟೋ ವಾಸಿ. ರೀಚಾರ್ಜ್ ಆಗುವ ಒಳ್ಳೆಯ ಸೆಲ್ ಹಾಕಿಕೊಂಡರೆ ಆಯಿತು, ಅವು ಎಲ್ಲ ಊರಿನಲ್ಲೂ ಸಿಗುತ್ತವೆ. ಕಾರ್ಡಿನ ವಿಷಯದಲ್ಲಿ 2006 ನೆನಪಿಡಬೇಕಾದ ವರ್ಷ. ಹೆಚ್ಚು ಚಿತ್ರ ಹಿಡಿಸುವ ಕಾರ್ಡುಗಳ ಎಸ್‌ಡಿಎಚ್‌ಸಿ ಮಾದರಿ ಬಂದದ್ದು ಆಗ. ಅದಕ್ಕಿಂತ ಹಳೆಯ ಕ್ಯಾಮೆರಾ ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ, ಇವತ್ತು ಅಂಗಡಿಯಲ್ಲಿ 2 ಜಿಬಿ ಕಾರ್ಡು ಹುಡುಕುವುದೇ ಕೆಲಸ. ಸೋನಿಯ ಮೆಮೊರಿ ಸ್ಟಿಕ್, ಒಲಿಂಪಸ್‌ನ ಎಕ್ಸ್‌ಡಿ ಕಾರ್ಡು ಬೇಕಾಗುವ ಕ್ಯಾಮೆರಾ ಆದರೆ ಕಾರ್ಡು ಜೊತೆಯಲ್ಲಿ ಇದ್ದರೆ ಮಾತ್ರ ಕೊಳ್ಳಿ.

ಫೋಟೋ ತೆಗೆದ ಮೇಲಿನ ಕೆಲಸವೂ ಇದೆ. ಫೋನಿನ ಚಿತ್ರ ತಾನಾಗಿಯೇ ಕ್ಲೌಡಿಗೆ ಹೋಗುತ್ತದೆ. ಕ್ಯಾಮೆರಾದ ಚಿತ್ರ ಕಾರ್ಡಿನಲ್ಲೇ ಕೂತಿರುತ್ತದೆ. ಕಾರ್ಡ್ ಕೆಟ್ಟರೆ ಇಡೀ ಮದುವೆ ಹೋಯಿತು. ಫೋನಿಗೆ ಚುಚ್ಚುವ ಒಂದು ಕಾರ್ಡ್ ರೀಡರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಕ್ಯಾಮೆರಾದ ಭಾಗ ಎಂದೇ ಲೆಕ್ಕ ಹಾಕಿ. ಹಳೆಯದರಲ್ಲಿ ಗಡಿಯಾರದ ಒಳ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ದಿನಾಂಕ ಸರಿ ಮಾಡಬೇಕು. ಇಲ್ಲದಿದ್ದರೆ ಈ ವರ್ಷದ ದಸರಾ 2005ರ ಜನವರಿಗೆ ಹೋಗಿ ಸೇರುತ್ತದೆ, ಫೋನಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಷ್ಟೆಲ್ಲ ಕೇಳಿ ಹೊಸದೇ ಕೊಳ್ಳೋಣ ಅಂದುಕೊಂಡು ಆನ್‌ಲೈನಿಗೆ ಹೋದವರು ಬೀಳುವ ಹಳ್ಳ ಒಂದಿದೆ. ‘4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್’ ಎಂದು ಬರೆದ, ಹೆಸರೇ ಕೇಳಿರದ ಕ್ಯಾಮೆರಾಗಳು ಕೆಲವೇ ಸಾವಿರಕ್ಕೆ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ತುಂಬಾ ಪುಟ್ಟದು, ಲೆನ್ಸ್ ಅಲುಗುವುದಿಲ್ಲ, ಫ್ಲ್ಯಾಶ್ ಎಂದು ಕರೆಯುವುದು ಎಲ್‌ಇಡಿ ದೀಪ. 48 ಮೆಗಾಪಿಕ್ಸೆಲ್ ಎನ್ನುವುದು ಸಣ್ಣ ಚಿತ್ರವನ್ನು ಒಳಗೇ ಹಿಗ್ಗಿಸಿ ಬರೆದ ಅಂಕೆ. ಅಂದರೆ ಪುಟ್ಟ ಕ್ಯಾಮೆರಾ ಕೊಳ್ಳಲು ಇರುವ ಎರಡು ಒಳ್ಳೆಯ ಕಾರಣಗಳೇ, ಕ್ಸೆನಾನ್ ಫ್ಲ್ಯಾಶ್ ಮತ್ತು ಗಾಜಿನ ಜೂಮ್, ಇವುಗಳಲ್ಲಿ ಇಲ್ಲ. ವಿವರದಲ್ಲಿ ‘ಆಪ್ಟಿಕಲ್ ಜೂಮ್’ ಎಂದು ಬರೆದಿದೆಯಾ ನೋಡಿ. ಲೆನ್ಸಿನ ಸುತ್ತ 4.5-54.0 ಎಂಎಂ ಎನ್ನುವ ಥರ ಎರಡು ಅಂಕೆಗಳಿದ್ದರೆ ನಿಜವಾದ ಜೂಮ್ ಎಂದರ್ಥ. ಒಂದೇ ಅಂಕೆ ಇದ್ದರೆ ಜೂಮ್ ಇಲ್ಲ.

ಕೊಡಾಕ್ ಹೆಸರಿನಲ್ಲಿ 2025ರಲ್ಲಿ ಬಂದ ಚಾರ್ಮೆರಾ ಎಂಬ ಕೀಚೈನ್ ಕ್ಯಾಮೆರಾ ಕೂಡ 1.6 ಮೆಗಾಪಿಕ್ಸೆಲ್ಲಿನ ಆಟಿಕೆಯೇ. ಅಮೆರಿಕದಲ್ಲಿ 30 ಡಾಲರ್. ಆದರೆ ಅದು ತಾನು ಏನು ಎಂದು ಡಬ್ಬಿಯ ಮೇಲೇ ಹೇಳಿಕೊಂಡು ಬಂದಿದೆ. ಗೊತ್ತಿದ್ದು ಕೊಂಡರೆ ತಪ್ಪಿಲ್ಲ. 48 ಮೆಗಾಪಿಕ್ಸೆಲ್ ಎಂದು ನಂಬಿಸಿ ಮಾರುವುದು ಮೋಸ. ಮಗಳ ಹುಟ್ಟುಹಬ್ಬಕ್ಕೆ ದುಡ್ಡು ಕೂಡಿಟ್ಟು ಕೊಳ್ಳುವ ಅಪ್ಪನಿಗೆ ಆಗುವ ಮೋಸ.

ನನ್ನ ಅಭಿಪ್ರಾಯ ಇಷ್ಟು. ಮೊದಲು ಮನೆಯಲ್ಲಿ, ನೆಂಟರಲ್ಲಿ ಕೇಳಿ. 2007ರಿಂದ 2014ರ ನಡುವಿನ ಕ್ಯಾನನ್, ಸೋನಿ, ನಿಕಾನ್, ಪ್ಯಾನಸೋನಿಕ್ ಯಾವುದಾದರೂ ಸಿಕ್ಕರೆ ಒಂದು ಬ್ಯಾಟರಿ, ಒಂದು ಕಾರ್ಡು, ಒಂದು ಸಿಲಿಕಾ ಜೆಲ್ ಡಬ್ಬಿಗೆ ಖರ್ಚು ಮಾಡಿ ಒಂದು ವರ್ಷ ಬಳಸಿ. ಹೊರಗೆ ಕೊಳ್ಳುವುದಾದರೆ ಐದಾರು ಸಾವಿರದ ಮೇಲೆ ಹೋಗಬೇಡಿ, ಯಾಕೆಂದರೆ ಕೆಟ್ಟ ದಿನ ಅದು ಪೂರ್ತಿ ಹೋದ ದುಡ್ಡು. ಲಕ್ಷದ ಕ್ಯಾಮೆರಾ ಬೇಕಾದರೆ, ಒಂದು ವರ್ಷದ ನಂತರವೂ ಈ ಹಳೆಯ ಕ್ಯಾಮೆರಾವನ್ನು ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಉಳಿದಿದ್ದರೆ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ನಾಲ್ಕೈದು ಸಲ ಆನ್-ಆಫ್ ಮಾಡಿ, ಲೆನ್ಸ್ ಬರುವ ಸದ್ದು ಒಂದೇ ಥರ ಇರಬೇಕು, ಕರಕರ ಅನ್ನಬಾರದು. ಮೊಬೈಲ್ ಟಾರ್ಚನ್ನು ಲೆನ್ಸಿನೊಳಗೆ ಓರೆಯಾಗಿ ಬಿಟ್ಟು ಬೂಷ್ಟಿನ ಎಳೆ ಇದೆಯಾ ನೋಡಿ. ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಕಪ್ಪು ಚುಕ್ಕೆ ಹುಡುಕಿ. 2002ರಿಂದ 2004ರ ನಡುವೆ ತಯಾರಾದದ್ದಾದರೆ ಇನ್ನಷ್ಟು ಎಚ್ಚರ ಬೇಕು. ಆ ಕಾಲದ ಸೋನಿ ಸಿಸಿಡಿ ಸೆನ್ಸರುಗಳಲ್ಲಿ ತಯಾರಿಕೆಯ ದೋಷವಿತ್ತು. ಬಿಸಿ ಮತ್ತು ತೇವ ಇರುವ ಕಡೆ ಅವು ಕೈಕೊಡುತ್ತಿದ್ದವು. ಕ್ಯಾನನ್, ಫ್ಯೂಜಿಯಂಥ ಕಂಪನಿಗಳೂ ಅದೇ ಸೆನ್ಸರ್ ಬಳಸಿದ್ದರಿಂದ 2005ರಲ್ಲಿ ಹಲವರು ಉಚಿತ ದುರಸ್ತಿ ಘೋಷಿಸಬೇಕಾಯಿತು. ಆ ಉಚಿತ ದುರಸ್ತಿಯ ಕಾಲ ಎಂದೋ ಮುಗಿದಿದೆ. ಪರದೆ ನೇರಳೆ ಬಣ್ಣಕ್ಕೆ ತಿರುಗಿದರೆ, ಚಿತ್ರದಲ್ಲಿ ಅಡ್ಡ ಗೆರೆ ಬಂದರೆ, ಮಾರುವವರು ಎಷ್ಟೇ ಕಡಿಮೆ ಹೇಳಿದರೂ ವಾಪಸ್ ಕೊಟ್ಟು ಬನ್ನಿ.